‘ಈಗಲೇ ಕೊಳ್ಳಿ’ ಗುಂಡಿಯವರ ಸನ್ನಿಧಾನಕ್ಕೆ

ಮಾನ್ಯ ‘ಈಗಲೇ ಕೊಳ್ಳಿ’ ಗುಂಡಿಯವರೇ,

ಫೋನಿನ ಪರದೆಯ ಮೇಲೆ ಹೊಳೆಯುವ ತಮ್ಮ ಹಳದಿ ಮೈಬಣ್ಣಕ್ಕೂ ದುಂಡನೆಯ ಅಂಚಿಗೂ ಮೊದಲಾಗಿ ಸಾದರ ನಮಸ್ಕಾರಗಳು. ಕೃತಕ ಹಲ್ಲು ತಯಾರಿಸುವ ಕಸುಬಿನವಳಾದ ನಾನು, ಒಂದು ದವಡೆ ಹಲ್ಲಿನ ಏರುತಗ್ಗು ಕೊರೆಯಲು ಕುಳಿತರೆ ಊಟದ ನೆನಪೂ ಇಲ್ಲದೆ ಸಂಜೆ ಮಾಡುವವಳು; ಅದೇ ನಾನು ತಮ್ಮನ್ನು ಕಂಡ ಕೂಡಲೇ ಬುದ್ಧಿಯನ್ನು ಬಾಗಿಲಾಚೆ ನಿಲ್ಲಿಸಿ ಹೆಬ್ಬೆರಳನ್ನು ಮಾತ್ರ ಒಳಗೆ ಕಳಿಸುತ್ತೇನೆ. ಇದಕ್ಕೆ ಎಡಿಎಚ್‌ಡಿ ಎನ್ನುತ್ತಾರೆಂದು ಮನೋವೈದ್ಯೆ ಹೋದ ವರ್ಷ ತಿಳಿಸಿದರು. ನಮ್ಮತ್ತೆ ಇದನ್ನೇ ‘ಇವಳ ಕೈಯಲ್ಲಿ ಕಾಸು ನಿಲ್ಲಲ್ಲ’ ಎಂದು ಮದುವೆಯಾದ ವಾರದಲ್ಲೇ, ಶುಲ್ಕವಿಲ್ಲದೆ ಪತ್ತೆ ಮಾಡಿದ್ದರು.

ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಅಂಗಡಿಯವರು ಆಕಳಿಸುತ್ತಾರೆ, ಚಿಲ್ಲರೆ ಇಲ್ಲವೆನ್ನುತ್ತಾರೆ, ಅಷ್ಟರಲ್ಲಿ ನನ್ನ ಆಸೆ ತಣ್ಣಗಾಗುತ್ತದೆ. ತಾವು ಅಂಥ ಅಪಚಾರವನ್ನು ಎಂದೂ ಎಸಗಿದವರಲ್ಲ. ತಮ್ಮ ದಯದಿಂದ ನಮ್ಮ ಮನೆಯಲ್ಲಿ ಒದ್ದೆ ಟವೆಲ್ ಒಣಹಾಕಲು ಒಂದು ಟ್ರೆಡ್‌ಮಿಲ್ ಇದೆ, ಉಚಿತವೆಂದು ಸೇರಿ ರದ್ದು ಮಾಡಲು ಮರೆತ ಚಂದಾಗಳಂತೂ ತಿಂಗಳು ತಿಂಗಳು ತಪ್ಪದೆ ನನ್ನ ಬ್ಯಾಂಕ್ ಖಾತೆಯ ಕ್ಷೇಮಸಮಾಚಾರ ವಿಚಾರಿಸುತ್ತಿವೆ. ‘ಏನೇ ಬೇಕು ಅನ್ನಿಸಿದ್ರೂ ಒಂದು ರಾತ್ರಿ ತಡೀರಿ’ ಎಂದು ವೈದ್ಯೆ ಹೇಳಿದ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಫೋನನ್ನು ಒಳಗಿಟ್ಟರೆ ಗೊತ್ತುಮಾಡಿದ ಹೊತ್ತಿನವರೆಗೆ ಬೀಗ ತೆರೆಯದ ಪೆಟ್ಟಿಗೆಯೊಂದನ್ನು ಅವರ ಮೆಟ್ಟಿಲಿಳಿಯುವಷ್ಟರಲ್ಲಿ ತಮ್ಮಿಂದಲೇ ತರಿಸಿಕೊಂಡೆ.

ಮಗಳ ಕನ್ನಡಕ ಮುರಿದು, ಅಂಟುಪಟ್ಟಿಯೂ ಕೈಚೆಲ್ಲಿದ್ದ ದಿನಗಳವು. ಕನ್ನಡಕಕ್ಕೆಂದು ಎತ್ತಿಟ್ಟ ಹಣ ತಮ್ಮ ಪಾಲಾಗದಿರಲೆಂದು ಶನಿವಾರ ಬೆಳಿಗ್ಗೆ ಫೋನನ್ನು ಪೆಟ್ಟಿಗೆಗೆ ಹಾಕಿ, ನನ್ನ ಜಾಣತನಕ್ಕೆ ನಾನೇ ಮೆಚ್ಚಿ, ಮಗಳೊಡನೆ ಕನ್ನಡಕದ ಅಂಗಡಿಗೆ ಹೋಗಿ ಚೌಕಟ್ಟು ಆರಿಸಿದ ಮೇಲೆ ಹೊಳೆಯಿತು, ಹಣ ಇರುವುದು ಫೋನಿನಲ್ಲಿ. ಮನೆಗೋಡಿ ಪೆಟ್ಟಿಗೆಯನ್ನೇ ಹೊತ್ತು ತಂದೆ. ಅಂಗಡಿಯವರು ಅದನ್ನು ತಿರುಗಿಸಿ ನೋಡಿ, ‘ಮೇಡಂ, ಇದು ಯಾವಾಗ ಬಾಯಿಬಿಡುತ್ತೆ?’ ಎಂದರು. ‘ಏಳಕ್ಕೆ’ ಎಂದೆ. ‘ನಾವು ಆರಕ್ಕೇ ಬಾಗಿಲು ಹಾಕ್ತೀವಲ್ಲ’ ಎಂದರು.

ಏಳಕ್ಕೆ ಪೆಟ್ಟಿಗೆ ತೆರೆಯಿತು. ತಾವು ‘ರಿಯಾಯಿತಿ ಇನ್ನು ಹತ್ತೇ ನಿಮಿಷ’ ಎಂಬ ಫಲಕ ಹಿಡಿದು ಕಾದಿದ್ದಿರಿ. ಮಗಳಿಗೆ ನಕ್ಷತ್ರಗಳೆಂದರೆ ಪ್ರಾಣ. ಟೆಲಿಸ್ಕೋಪ್ ಬಂತು, ಕನ್ನಡಕದ ಹಣ ಹೋಯಿತು. ಈಗ ಅವಳಿಗೆ ಚಂದ್ರನ ಮೇಲಿನ ಕುಳಿಗಳು ಕಾಣುತ್ತವೆ, ತರಗತಿಯ ಕಪ್ಪುಹಲಗೆ ಕಾಣುವುದಿಲ್ಲ. ‘ಪರವಾಗಿಲ್ಲಮ್ಮ, ಮುಂದಿನ ಬೆಂಚಲ್ಲಿ ಕೂತ್ಕೋತೀನಿ ಬಿಡು’ ಎಂದಳು. ಬೈದಿದ್ದರೆ ಸಹಿಸುತ್ತಿದ್ದೆ, ಗುಂಡಿಯವರೇ. ನನ್ನಿಂದ ಏನನ್ನೂ ನಿರೀಕ್ಷಿಸದಿರಲು ಅವಳು ಇಷ್ಟು ಬೇಗ ಕಲಿತುಬಿಟ್ಟಳಲ್ಲ ಎಂದು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಆದ್ದರಿಂದ ತಮ್ಮಲ್ಲಿ ಸವಿನಯ ಬಿನ್ನಹ. ತಾವು ದಯಮಾಡಿ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಗೆ ವಾಸ ಬದಲಾಯಿಸಿ, ಮಧ್ಯಾಹ್ನ ಊಟದ ವಿರಾಮವೆಂದು ಕಿಟಕಿ ಮುಚ್ಚಿ, ಎರಡು ಫೋಟೋ ಕೇಳಿ, ‘ಸಾಹೇಬರು ಇಲ್ಲ, ನಾಳೆ ಬನ್ನಿ’ ಎಂದು ಗದರಿ ಕಳಿಸುವ ಕೃಪೆ ಮಾಡಬೇಕು. ಅದಾಗದಿದ್ದರೆ ನನ್ನ ಬೆರಳು ಹತ್ತಿರ ಬಂದಾಗ ಕನಿಷ್ಠ ಒಮ್ಮೆ ಕೆಮ್ಮಬೇಕು. ಮುಂದಿನ ಸಂಬಳ ಬರುವ ದಿನವಂತೂ, ಕನ್ನಡಕದ ಅಂಗಡಿ ಮುಚ್ಚುವವರೆಗಾದರೂ ತಾವು ರಜೆ ಹಾಕಬೇಕು.

ತಮ್ಮ ವಿಶ್ವಾಸಿ,
ಹೇಳಿದ ಮಾತು ಕೇಳದ ಹೆಬ್ಬೆರಳೊಂದರ ಒಡತಿ

ವಿ.ಸೂ.: ಟೆಲಿಸ್ಕೋಪ್ ಹಿಂದಿರುಗಿಸಿ ಹಣ ಪಡೆಯುವ ದಾರಿಯನ್ನು ಮೊನ್ನೆ ಬಹಳ ಹೊತ್ತು ಹುಡುಕಿದೆ. ಕೊನೆಗೆ ಮಗಳೇ ಫೋನನ್ನು ಮೂಗಿಗೆ ತಾಗಿಸಿಕೊಂಡು, ತಮ್ಮ ಬುಡದಲ್ಲಿರುವ ಇರುವೆ ಗಾತ್ರದ ಸಾಲನ್ನು ಓದಿದಳು: ‘ಅಮ್ಮ, ವಾಪಸ್ ತಗೊಳ್ಳಲ್ವಂತೆ.’ ಕನ್ನಡಕವಿಲ್ಲದ ಮಗುವಿಗೂ ಓದಲು ಬರುವಂತೆ ಬರೆಸಿದ್ದೀರಿ, ತಮ್ಮ ಔದಾರ್ಯ ದೊಡ್ಡದು.