ಮಾರ್ಕೆಸಾಳ ಮೂತಿಗೆ ಮುತ್ತಿದ ಚಿಟ್ಟೆಗಳು

ಈ ಸಲ ಚಿಟ್ಟೆ ನೋಡಲು ಬರುವವರು ಬಾಯಿ ಬಿಟ್ಟುಕೊಂಡು ನಿಲ್ಲದಿದ್ದರೆ ತನ್ನ ಹೆಸರು ಎಲಿಸೆಯೊ ಅಲ್ಲ ಎಂದು ಎಲಿಸೆಯೊ ಊಟದ ಮೇಜು ಗುದ್ದಿ ಘೋಷಿಸಿದ. ತಟ್ಟೆಯಲ್ಲಿದ್ದ ಅರೇಪ, ಮೆಕ್ಕೆಜೋಳದ ದಪ್ಪ ರೊಟ್ಟಿ, ಹಾರಿ ನೆಲಕ್ಕೆ ಬಿತ್ತು.

"ಹೆಸರು ಆಮೇಲೆ ನೋಡೋಣ, ಮೊದ್ಲು ಅರೇಪ ಎತ್ತಿ," ಅಂದಳು ಹೆಂಡತಿ ಒತೀಲಿಯಾ.

ಅವನ ಹೊಟ್ಟೆಯುರಿಗೆ ಕಾರಣವಿತ್ತು. ಹೋದ ವರ್ಷ ಮೆಡೆಲಿನ್ ನಗರದಿಂದ ಹನ್ನೆರಡು ಜನ ಕ್ಯಾಮೆರಾ ನೇತುಹಾಕಿಕೊಂಡು ಇವರ ಬೆಟ್ಟ ಹತ್ತಿ, ಶನಿವಾರ ಭಾನುವಾರ ಎರಡೂ ದಿನ ಕಾದು, ಕೋಸಿನ ಮೇಲೆ ಕೂತ ನಾಲ್ಕು ಬಿಳಿ ಚಿಟ್ಟೆ ನೋಡಿ ಇಳಿದುಹೋಗಿದ್ದರು. ಎದುರು ಬೆಟ್ಟದ ಬೌದೀಲಿಯೊನ ತೋಟದಲ್ಲಿ ಮಾತ್ರ ಅಂಗೈ ಅಗಲದ ನೀಲಿ ಚಿಟ್ಟೆಗಳು! "ಅವು ಮನುಷ್ಯರ ಯೋಗ್ಯತೆ ನೋಡಿ ಬರ್ತವೆ," ಎಂದು ಆ ಮಹಾಶಯ ಚರ್ಚಿನ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ್ದ.

ಎಲಿಸೆಯೊ ಸೇಡಿನ ಅಡುಗೆಗೆ ಇಳಿದ. ಕೊಳೆತ ಬಾಳೆಹಣ್ಣು, ಬೆಲ್ಲ, ಎರಡು ಬಾಟಲಿ ಕಬ್ಬಿನ ಸಾರಾಯಿ, ಎಲ್ಲವನ್ನೂ ಕಲಸಿ ಐದು ದಿನ ಹುಳಿಯಲು ಬಿಟ್ಟ. ಆ ಬೆಟ್ಟಗಳಲ್ಲಿ ಎಲ್ಲರೂ ಚಿಟ್ಟೆಗೆ ಇಡುವ ಎಡೆ ಅದೇ. ಆದರೆ ಉಳಿದವರು ಇಡುವುದು ಒಂದು ಬಟ್ಟಲು. ಎಲಿಸೆಯೊ ಮಾಡಿದ್ದು ಒಂದು ದೊಡ್ಡ ಬಕೆಟ್ಟು! ಒತೀಲಿಯಾಳ ಮೂಗಿಗೆ ಹೆದರಿ ಅದನ್ನು ಕೊಟ್ಟಿಗೆಯಲ್ಲಿ ಬಚ್ಚಿಟ್ಟ.

ಕೊಟ್ಟಿಗೆಯಲ್ಲಿ ಇದ್ದವಳು ಮಾರ್ಕೆಸಾ, ಒತೀಲಿಯಾಳ ಹೇಸರಗತ್ತೆ. ಮದುವೆಗೆ ಅಪ್ಪ ಕೊಟ್ಟದ್ದು. ಹತ್ತೊಂಬತ್ತು ವರ್ಷ ಹಾಲಿನ ಕ್ಯಾನು ಹೊತ್ತು ಬೆಟ್ಟ ಇಳಿದವಳು. ಒತೀಲಿಯಾಳಿಗೆ ಹೆರಿಗೆ ನೋವು ಬಂದ ದಿನ, ಗಂಡ ಕಂಗಾಲಾಗಿ ತನ್ನ ಬೂಟು ಹುಡುಕುತ್ತಿದ್ದಾಗ, ಅವಳನ್ನು ಆಸ್ಪತ್ರೆಗೆ ಮುಟ್ಟಿಸಿದವಳೂ ಇವಳೇ.

ಶನಿವಾರ ಬೆಳಗ್ಗೆ ನೋಡಿದರೆ ಬಕೆಟ್ ಖಾಲಿ. ತೊಳೆದಿಟ್ಟಷ್ಟು ಖಾಲಿ! ಕೊಟ್ಟಿಗೆಯ ಬಾಗಿಲಾಚೆ ಮಾರ್ಕೆಸಾ ಹೊಟ್ಟೆ ಉಬ್ಬಿ, ಕಾಲು ಚಾಚಿ, ತಣ್ಣಗೆ ಬಿದ್ದಿದ್ದಳು. ಎಲಿಸೆಯೊ ಸುತ್ತಮುತ್ತ ನೋಡಿದ. ಮೊದಲು ಬಕೆಟ್ಟನ್ನು ಪೊದೆಗೆ ಎಸೆದ. ಆಮೇಲೆ ಹೆಂಡತಿಯನ್ನು ಕೂಗಿದ.

"ವಯಸ್ಸಾಗಿತ್ತು ಕಣೇ. ನಿದ್ದೆಯಲ್ಲೇ ಹೋಗಿದ್ದಾಳೆ. ಪುಣ್ಯವಂತೆ."

ಒತೀಲಿಯಾ ನೆಲಕ್ಕೆ ಕೂತು ಮಾರ್ಕೆಸಾಳ ಕಿವಿ ಸವರುತ್ತ ಬಿಕ್ಕಿಬಿಕ್ಕಿ ಅತ್ತಳು. "ಬಿಸಿಲೇರೋದ್ರೊಳಗೆ ಮಣ್ಣು ಮಾಡಿ. ರಣಹದ್ದು ಬಂದು ಇವಳ ಕಣ್ಣು ಕುಕ್ಕೋದನ್ನ ನಾನು ನೋಡಲಾರೆ."

"ಬಿಸಿಲೇರೋದ್ಯಾಕೆ, ಈಗ್ಲೇ!" ಎಂದು ಎಲಿಸೆಯೊ ಅಲ್ಲೇ ಪಕ್ಕದಲ್ಲಿ ಗುದ್ದಲಿ ಹಾಕಿದ.

ಮೊಣಕಾಲುದ್ದ ಅಗೆಯುವಷ್ಟರಲ್ಲಿ ಹನ್ನೆರಡು ಕ್ಯಾಮೆರಾ ಬಂದವು. ಮುಂದಾಳು, ಎಲ್ಲರೂ ಗೌರವದಿಂದ ದೋನ್ಯಾ ಎಂದು ಕರೆಯುವ ಲಿಹಿಯಾ, ನಿವೃತ್ತ ಟೀಚರು, ದೂರದಿಂದಲೇ ಕಿರುಚಿದರು. "ಯಾರೂ ಅಲುಗಾಡಬೇಡಿ!"

ಮಾರ್ಕೆಸಾಳ ಮೂತಿಯ ತುಂಬ ಚಿಟ್ಟೆಗಳು! ನೀಲಿಯವು, ಕೆಂಪು ಪಟ್ಟೆಯವು, ರೆಕ್ಕೆಯಲ್ಲಿ ಕಣ್ಣಿದ್ದವು, ಬೌದೀಲಿಯೊ ಕನಸಲ್ಲೂ ಕಾಣದವು! ಹನ್ನೆರಡು ಜನ ದಬಕ್ಕೆಂದು ಬೋರಲು ಬಿದ್ದು, ಸತ್ತವಳ ಮುಖಕ್ಕೆ ಮುಖ ಕೊಟ್ಟು ಕ್ಲಿಕ್ಕಿಸತೊಡಗಿದರು.

"ಗುಂಡಿ ತೋಡೋದು ನಿಲ್ಸಿ ದೋನ್ ಎಲಿಸೆಯೊ! ಸಂಜೆವರೆಗೆ ಇವಳು ಹೀಗೇ ಇರ್ಲಿ!" ಅಂದರು ಟೀಚರು.

ಎಲಿಸೆಯೊಗೆ ಬೌದೀಲಿಯೊನ ಮುಖ ನೆನಪಾಯಿತು. ಗುದ್ದಲಿ ಕೆಳಗಿಟ್ಟ.

"ರೀ, ಮಾತು ಕೊಟ್ಟಿದ್ರಿ," ಅಂದಳು ಒತೀಲಿಯಾ.

"ಸಂಜೆವರೆಗೆ ಅಷ್ಟೇ ಕಣೇ. ನೋಡು, ಹೂ ಹೊದಿಸಿದ ಹಾಗಿದೆ! ಬಿಷಪ್ಪರಿಗೂ ಇಂಥ ಬೀಳ್ಕೊಡುಗೆ ಸಿಕ್ಕಿಲ್ಲ!"

ಅವಳು ಸೊಪ್ಪಿನ ಕೊಂಬೆಯೊಂದನ್ನು ಮುರಿದುಕೊಂಡು ಬಂದು ಮಾರ್ಕೆಸಾಳ ಹೊಟ್ಟೆಯ ಮೇಲಿನ ನೊಣ ಓಡಿಸುತ್ತ ಕೂತಳು. ಅದನ್ನು ನೋಡಿ ಎಲಿಸೆಯೊಗೆ ನಿಜ ಹೇಳಿಬಿಡೋಣ ಅನ್ನಿಸಿತು. ಹೇಳಲಿಲ್ಲ.

ಆ ಕೆಲಸವನ್ನು ಟೀಚರು ಮಾಡಿದರು. "ವಿಚಿತ್ರ! ಹೊಟ್ಟೆ ಮೇಲೆ ಒಂದೂ ಇಲ್ಲ, ಕಣ್ಣಿನ ಹತ್ರ ಒಂದೂ ಇಲ್ಲ. ಎಲ್ಲಾ ಬಾಯಿಗೇ ಮುತ್ಕೊಂಡಿವೆ." ಬಗ್ಗಿ ಮೂಸಿದರು. "ಬಾಳೆಹಣ್ಣು, ಬೆಲ್ಲ, ಸಾರಾಯಿ! ಆಹಾ ದೋನ್ ಎಲಿಸೆಯೊ, ಏನು ತಲೆ ನಿಮ್ದು! ಎಷ್ಟು ತಿನ್ನಿಸಿದ್ರಿ?"

ಒತೀಲಿಯಾಳ ಕೈಯ ಕೊಂಬೆ ನಿಂತಿತು. "ನಿದ್ದೆಯಲ್ಲಿ ಹೋದಳು ಅಂದ್ರಿ."

"ನಾನು ತಿನ್ನಿಸಲಿಲ್ಲ ಕಣೇ! ಅಲ್ಲಿ ಇಟ್ಟಿದ್ದೆ, ಅಷ್ಟೇ. ಅವಳಾಗೇ..."

"ಎಷ್ಟು?"

"ಒಂದು... ಬಕೆಟ್ಟು."

ಒತೀಲಿಯಾ ಎದ್ದು ತನ್ನ ಶಾಲು ತೆಗೆದು ಮಾರ್ಕೆಸಾಳ ಮುಖಕ್ಕೆ ಹೊದಿಸಿದಳು. ಚಿಟ್ಟೆಗಳೆಲ್ಲ ಭರ್‍ರನೆ ಎದ್ದು ಹೋದವು. ಹನ್ನೆರಡು ಜನ ಕ್ಯಾಮೆರಾ ಇಳಿಸಿದರು.

"ಒಲೆ ಮೇಲೆ ಕಾಫಿ ಇದೆ, ಎಲ್ರೂ ಒಳಗೆ ನಡೀರಿ," ಅಂದಳು. ಎಲಿಸೆಯೊನೂ ಹೆಜ್ಜೆ ಎತ್ತಿದ. "ನೀವಲ್ಲ. ಅಗೀರಿ."

ಅಗೆದ. ಬರೀ ಕಲ್ಲು. ಅಂಗೈ ಬೊಬ್ಬೆ ಎದ್ದು ಒಡೆಯಿತು. ಅವಳು ಗುಂಡಿಯ ಅಂಚಿನಲ್ಲಿ ಕೂತು ನೋಡುತ್ತಲೇ ಇದ್ದಳು. "ಒಂದ್ಸಲ ಬೈದುಬಿಡೇ," ಎಂದು ಎರಡು ಸಲ ಬೇಡಿಕೊಂಡ. ಬೈಯಲಿಲ್ಲ. ಮದುವೆಯಾದ ಮೇಲೆ ಅವನಿಗೆ ಇಷ್ಟು ಭಯವಾದದ್ದು ಇದೇ ಮೊದಲು.

ಹೊತ್ತು ಇಳಿಯುವ ವೇಳೆಗೆ ಎದೆಮಟ್ಟ ಆಯಿತು. ಬೆವರು ಒರೆಸಿಕೊಂಡು ತಲೆ ಎತ್ತಿದ. "ಸಾಕೇನೇ?"

"ಇನ್ನೂ ಸ್ವಲ್ಪ ಅಗಲ ಮಾಡಿ."

"ಮಾರ್ಕೆಸಾಗೆ ಇಷ್ಟು ಸಾಕಲ್ಲೇ!"

"ಅವಳಿಗೆ ಸಾಕು," ಅಂದಳು ಒತೀಲಿಯಾ.