ನಕ್ಷತ್ರವಿಲ್ಲದ ಎಂಬತ್ತು ಹಕ್ಕಿಗಳ ಪರವಾಗಿ

ಸುಪೀರಿಯರ್ ಸರೋವರದ ಈಚೆ ದಂಡೆಯ ಸಮಸ್ತ ಲೂನ್ ಹಕ್ಕಿಗಳ ಆಸ್ಥಾನ ಚಿತ್ರಗಾರ್ತಿಯೂ, ಹನ್ನೊಂದು ಬಗೆಯ ಬೂದುಬಣ್ಣಗಳ ಏಕೈಕ ಒಡತಿಯೂ, ಅಂಚೆಚೀಟಿಯನ್ನು ಕೂಡ ಕಣ್ಣಳತೆ ನೋಡದೆ ಅಂಟಿಸದವರೂ ಆದ ಶ್ರೀಮತಿ ಹಿಲ್ಮಾ ಕೊಸ್ಕೆಲಾ ಅವರ ಪಾದಾರವಿಂದಗಳಿಗೆ, ಅಂದರೆ ತಾವು ನವೆಂಬರಿನಿಂದ ಏಪ್ರಿಲ್‌ವರೆಗೆ ಬಿಚ್ಚದ ಆ ರಬ್ಬರ್ ಬೂಟುಗಳಿಗೆ, ಹ್ಯಾನ್‌ಕಾಕ್ ಊರಿನ ರಂಟಾಲಾ ಅಚ್ಚುಮನೆಯ ಕಿರಿಯ ಅಚ್ಚುಗಾರ್ತಿ ಟೈನಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಚಿತ್ರ ಬರೆಯುವಾಗ ತಾವು ಫೋನ್ ಎತ್ತುವುದಿಲ್ಲವಾದ್ದರಿಂದಲೂ, ತಾವು ಸದಾ ಚಿತ್ರ ಬರೆಯುತ್ತಲೇ ಇರುವುದರಿಂದಲೂ, ಈ ಪತ್ರವನ್ನು ತಾವು ದಿನಾ ಹಾಲು ಕೊಳ್ಳುವ ಸಹಕಾರಿ ಅಂಗಡಿಯ ಬಾಗಿಲಿಗೆ ಅಂಟಿಸಬೇಕಾಗಿ ಬಂದದ್ದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ.

ದಂಡೆಯ ಮೇಲಿನ ನಮ್ಮ ಊರ ಸೌನಾದ, ಆ ಬಿಸಿಹಬೆ ಸ್ನಾನದ ಮನೆಯ, ಒಲೆ ಡಿಸೆಂಬರಿನಲ್ಲಿ ಬಿರುಕು ಬಿಟ್ಟದ್ದು ತಮಗೆ ಗೊತ್ತೇ ಇದೆ. ಹೊಸ ಒಲೆಗಾಗಿ ಈ ಶನಿವಾರ, ಸರೋವರದ ಮಂಜುಗಡ್ಡೆ ಕೊರೆದು ನೀರಿಗೆ ಧುಮುಕುವ ಹಬ್ಬದಲ್ಲಿ, ಟೀ ಶರ್ಟು ಮಾರುವುದೆಂದು ಊರು ತೀರ್ಮಾನಿಸಿತು. ತಾವು ತಮ್ಮ ಲೂನ್ ಹಕ್ಕಿಯ ಚಿತ್ರವನ್ನು ಧಾರಾಳವಾಗಿ ದಾನ ಮಾಡಿದಿರಿ. ತಾವು ಒಪ್ಪಿ ತಲೆಯಾಡಿಸದೆ ಒಂದು ಅಂಗಿಯೂ ಅಚ್ಚುಮನೆಯ ಹೊಸ್ತಿಲು ದಾಟಬಾರದೆಂಬ ಒಂದೇ ಒಂದು ಪುಟ್ಟ ಷರತ್ತನ್ನೂ ಜೊತೆಗೆ ದಾನ ಮಾಡಿದಿರಿ.

ನಮ್ಮ ಯಂತ್ರಕ್ಕೆ ನಾಲ್ಕೇ ಕೈ, ಕೈಗೊಂದೇ ಸ್ಕ್ರೀನ್, ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕು, ಹಾಗಾಗಿ ಹನ್ನೊಂದು ಬೂದುಬಣ್ಣ ಹಿಡಿಸುವುದಿಲ್ಲ ಎಂದು ನಮ್ಮ ಡೋರೀನ್ ಅತ್ತೆ ವಿನಯದಿಂದ ಅರಿಕೆ ಮಾಡಿಕೊಂಡಾಗ, "ನಂಗಿರೋದು ಎರಡೇ ಕೈ ಕಣೇ, ನಾನು ಬಳೀಲಿಲ್ವಾ?" ಎಂದು ತಾವು ಕೊಟ್ಟ ಉತ್ತರವನ್ನು ಅಚ್ಚುಮನೆಯ ಗೋಡೆಯ ಮೇಲೆ ಬರೆಸಬೇಕೆಂದಿದ್ದೇವೆ, ಒಂದೇ ಬಣ್ಣದಲ್ಲಿ. ಆದರೂ ತಾವು ದೊಡ್ಡ ಮನಸ್ಸು ಮಾಡಿ ಏಳು ಬೂದುಬಣ್ಣಗಳನ್ನು ಬಿಟ್ಟುಕೊಟ್ಟಿರಿ. ಒಂದೊಂದನ್ನು ಬಿಡುವಾಗಲೂ ಮಗಳನ್ನು ಗಂಡನ ಮನೆಗೆ ಕಳಿಸುವಂತೆ ನಿಟ್ಟುಸಿರಿಟ್ಟಿರಿ.

ಇನ್ನು ಆ ಚುಕ್ಕೆಯ ವಿಷಯ. ಸ್ಕ್ರೀನಿನ ಜಾಲರಿಗೆ ಹಸಿರು ಲೇಪ ಬಳಿದು, ಚಿತ್ರವಿರುವ ಪಾರದರ್ಶಕ ಹಾಳೆ ಹೊದಿಸಿ ದೀಪದ ಮೇಜಿನ ಮೇಲಿಡುತ್ತೇವೆ. ಬೆಳಕು ಬಿದ್ದ ಕಡೆ ಲೇಪ ಗಟ್ಟಿಯಾಗುತ್ತದೆ, ಬೀಳದ ಕಡೆ ತೊಳೆದುಹೋಗಿ ಬಣ್ಣಕ್ಕೆ ದಾರಿಯಾಗುತ್ತದೆ. ಎಲ್ಲೋ ಒಂದು ಸೂಜಿಮೊನೆಯಷ್ಟು ಜಾಗಕ್ಕೆ ಬೆಳಕು ತಪ್ಪಿದರೆ ಅಲ್ಲೊಂದು ತೂತು. ಅಂಗಿಯ ಮೇಲೆ ಒಂದು ಬೇಡದ ಚುಕ್ಕೆ. ಯಾವ ಅಚ್ಚುಗಾರನಾದರೂ ಅದಕ್ಕೊಂದು ಚೂರು ಟೇಪ್ ಅಂಟಿಸಿ ಮರೆತುಬಿಡುತ್ತಾನೆ. ತಾವಾದರೋ ಮಾದರಿಗೆಂದು ಒತ್ತಿದ ಕಪ್ಪು ಅಂಗಿಯಲ್ಲಿ, ಹಕ್ಕಿಯ ತಲೆಯ ಮೇಲಿನ ಆ ತಿಳಿಬೂದು ಚುಕ್ಕೆಯನ್ನು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿ, "ಇಪ್ಪತ್ತು ವರ್ಷದಿಂದ ಈ ಆಕಾಶದಲ್ಲಿ ಏನೋ ಕಮ್ಮಿ ಅನ್ನಿಸ್ತಿತ್ತು. ಇದೇ ನೋಡು ಅದು!" ಎಂದು ತಲೆಯಾಡಿಸಿಬಿಟ್ಟಿರಿ. ಅತ್ತೆ ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.

ಆದರೆ ಮೂವತ್ತು ವರ್ಷ ಪಳಗಿದ ಕೈ ಯಾರ ಮಾತನ್ನು ಕೇಳುತ್ತದೆ? ಬುಧವಾರ ಅಚ್ಚೊತ್ತುವ ಮೊದಲು ಅತ್ತೆ ಅಭ್ಯಾಸಬಲದಿಂದ ಆ ತೂತಿಗೆ ಟೇಪ್ ಹಾಕಿದರು. ಎಂಬತ್ತು ಅಂಗಿ ಒತ್ತಿ, ಒಣಗಿಸಿ, ಸ್ಕ್ರೀನಿನ ಲೇಪವನ್ನೂ ತೂತಿನ ಸಮೇತ ಉಜ್ಜಿ ತೊಳೆದಿಟ್ಟ ಮೇಲೆ ತಾವು ಬಿಜಯಂಗೈದಿರಿ. "ನಕ್ಷತ್ರ ಎಲ್ಲಿ?"

"ಅದು ನಕ್ಷತ್ರ ಅಲ್ಲ ಮಾರಾಯ್ತಿ, ತೂತು!" ಎಂದರು ಅತ್ತೆ.

"ಎಲ್ಲ ನಕ್ಷತ್ರಾನೂ ತೂತೇ ಡೋರೀನ್, ಕತ್ತಲಿಗೆ ಬಿದ್ದಿರೋದು" ಎಂದಿರಿ ತಾವು. ಕುಂಚದಿಂದ ಒಂದೊಂದು ಚುಕ್ಕೆ ಇಟ್ಟುಕೊಡುತ್ತೇನೆಂದು ನಾನು ಬೇಡಿಕೊಂಡರೆ, "ಇಟ್ಟಿದ್ದು ಬೊಟ್ಟು ಕಣಮ್ಮ, ತಾನಾಗೇ ಬಂದಿದ್ದು ನಕ್ಷತ್ರ" ಎಂದು ಬೂಟು ಸದ್ದು ಮಾಡುತ್ತಾ ಹೊರಟುಹೋದಿರಿ.

ಆದ್ದರಿಂದ ಮಾನ್ಯರೇ, ತಾನಾಗಿಯೇ ಆಗುವ ಆಕಸ್ಮಿಕವೊಂದನ್ನು ನಾಳೆ ಸಂಜೆಯೊಳಗೆ ಎಂಬತ್ತು ಬಾರಿ, ಒಂದೇ ಜಾಗದಲ್ಲಿ ಮಾಡಿಸುವ ಕ್ರಮವನ್ನು ದಯಮಾಡಿ ಬರೆದು ತಿಳಿಸಬೇಕು. ಅದಾಗದಿದ್ದರೆ ತಮ್ಮ ಹಕ್ಕಿಯನ್ನೇ ಖುದ್ದಾಗಿ ಕಳಿಸಿಕೊಟ್ಟು ಅಂಗಿಗಳನ್ನು ಪರೀಕ್ಷಿಸಲು ಹೇಳಬೇಕು. ಅದು ತಮಗಿಂತ ಬೇಗ ಒಪ್ಪೀತು. ಎರಡೂ ಆಗದಿದ್ದರೆ, ಅಂದು ಮೋಡ ಕವಿದಿತ್ತು ಎಂದುಕೊಂಡು ತಲೆಯಾಡಿಸಿಬಿಡಬೇಕು. ಎಂಬತ್ತೆರಡು ವರ್ಷದ ಉರ್ಹೋ ತಾತ ಎರಡು ತಿಂಗಳಿಂದ ಅಡುಗೆಮನೆಯಲ್ಲಿ ಟವೆಲ್ ಸುತ್ತಿಕೊಂಡು, ಕುದಿಯುವ ಪಾತ್ರೆಯ ಮುಂದೆ ಕಣ್ಣು ಮುಚ್ಚಿ ಕೂರುತ್ತಿದ್ದಾರೆ. "ಇದು ಸೌನಾ ಅಲ್ಲಮ್ಮ, ಆಲೂಗಡ್ಡೆ ಸಾರು" ಎಂದು ನಿನ್ನೆ ನನ್ನೆದುರು ಹೇಳುವಾಗ ಅವರು ನಗಲಿಲ್ಲ. ಶನಿವಾರ ಅಂಗಿ ಮಾರದಿದ್ದರೆ ಈ ಚಳಿಗಾಲಕ್ಕೆ ಒಲೆ ಬರುವುದಿಲ್ಲ. ಮುಂದಿನ ಚಳಿಗಾಲವನ್ನು ಅವರ ವಯಸ್ಸಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಮ್ಮ ತಲೆ ಮೇಲಿಂದ ಕೆಳಕ್ಕೆ ಅಲ್ಲಾಡುವುದನ್ನೇ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಟೈನಾ ರಂಟಾಲಾ

ತಾ.ಕ.: ಆ ಚುಕ್ಕೆ ಮೇಲಿನಿಂದ ಬಂದ ಸಂದೇಶವೆಂದು ತಾವು ಚರ್ಚಿನಲ್ಲಿ ಹೇಳಿಕೊಂಡು ಬರುತ್ತಿರುವಿರಂತೆ. ಮೇಲಿನಿಂದ ಬಂದದ್ದೇನೋ ನಿಜ, ನನ್ನ ಬಾಯಿಂದ. ತಿಂಡಿ ತರಲೇಬಾರದೆಂದು ಅತ್ತೆ ಬೋರ್ಡು ಹಾಕಿರುವ ದೀಪದ ಮೇಜಿನ ಪಕ್ಕ ಏಲಕ್ಕಿ ಬನ್ನು ತಿನ್ನುತ್ತಿದ್ದೆ; ಅದರ ಮೇಲಿನ ಸಕ್ಕರೆಯ ಒಂದು ಹರಳು ಉದುರಿ ಬೆಳಕಿಗೆ ಅಡ್ಡ ಬಿತ್ತು. ಅತ್ತೆಗೆ ಇದು ಈಗ, ಈ ಬಾಗಿಲ ಮುಂದೆ ನಿಂತು ಓದುವಾಗಲೇ ಗೊತ್ತಾಗುತ್ತಿದೆ. ಇನ್ನೊಂದು ಮಾತು: ಇವತ್ತು ಬೆಳಗ್ಗೆ ಯಾರಿಗೂ ಹೇಳದೆ ಮೂರು ಹೊಸ ಸ್ಕ್ರೀನು ಹಾಳುಮಾಡಿಕೊಂಡು, ಬೇಕೆಂತಲೇ ಸಕ್ಕರೆ ಉದುರಿಸಿ ನೋಡಿದೆ. ಮೂರರಲ್ಲೂ ಬಂದದ್ದು ಬರೀ ಬೊಟ್ಟು.