ಸೌಮ್ಯ ವಂಚನೆ

ಆ ದಿನದ ರಂಪಕ್ಕೆಲ್ಲ ಮೂಲ ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ವೃತ್ತ. ಕಂಪ್ಯೂಟರ್ ಆಟದ ಡಬ್ಬದ ಕೆಳಮೂಲೆಯಲ್ಲಿ, ಯಾರ ಸುದ್ದಿಗೂ ಹೋಗದೆ ಅದು ತನ್ನ ಪಾಡಿಗೆ ಕೂತಿತ್ತು. ಒಳಗೆ ಹನ್ನೆರಡು ಎಂಬ ಅಂಕಿ, ಪಕ್ಕದಲ್ಲೊಂದು ಕೂಡಿಸುವ ಚಿಹ್ನೆ; ಹನ್ನೆರಡು ತುಂಬಿದವರಿಗೆ ಮಾತ್ರ ಎಂದರ್ಥ. ಮಗಳ ಹುಟ್ಟುಹಬ್ಬದ ಉಡುಗೊರೆಗೆ ಬಣ್ಣದ ಕಾಗದ ಸುತ್ತಲು ಕೂತ ಗ್ರಾಂ ಸಾಹೇಬರ ಕಣ್ಣಿಗೆ ಅದು ಬಿದ್ದದ್ದು ಬೆಳಗ್ಗೆ ಏಳೂವರೆಗೆ.

“ಮಗಳಿಗೆ ಇವತ್ತಿಗೆ ಎಷ್ಟು ತುಂಬ್ತು?” ಎಂದು ಅವರು ಅಡುಗೆಮನೆಯತ್ತ ಕೂಗಿದರು.

“ಹನ್ನೊಂದು. ಅವಳು ಹುಟ್ಟಿದಾಗ ನೀವೂ ಆಸ್ಪತ್ರೇಲಿ ಇದ್ರಿ, ಮರೆತುಹೋಯ್ತಾ?” ಎಂದಳು ಹೆಂಡತಿ.

“ಇದರ ಮೇಲೆ ಹನ್ನೆರಡು ಅಂತಿದೆ.”

“ಒಂದು ವರ್ಷ ತಾನೇ? ಅದೇನು ಮಹಾ.”

ಸಾಹೇಬರು ಕತ್ತರಿ ಕೆಳಗಿಟ್ಟರು. “ಒಂದು ವರ್ಷ ಅಂದ್ರೆ ಹನ್ನೆರಡರಲ್ಲಿ ಒಂದು ಪಾಲು. ನೂರಕ್ಕೆ ಎಂಟೂ ಚಿಲ್ಲರೆ ಕೊರತೆ! ಇಷ್ಟು ಕೊರತೆ ಇರೋ ತಕ್ಕಡೀನ ನಾನು ಬಿಟ್ಟಿದ್ದೀನಾ ಯಾವತ್ತಾದ್ರೂ?”

ಬಿಟ್ಟಿರಲಿಲ್ಲ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಹದಿನೆಂಟು ವರ್ಷದಿಂದ ಅವರದು ಒಂದೇ ಕೆಲಸ. ವ್ಯಾಪಾರಿಗಳು ತಂದ ತಕ್ಕಡಿ ಸರಿಯಿದ್ದರೆ ಸೀಸದ ಮುದ್ರೆ, ಒಂದು ಗ್ರಾಂ ಆಚೀಚೆಯಾದರೂ ಕೆಂಪು ಚೀಟಿ. ಆ ಚೀಟಿ ಬಿದ್ದ ತಕ್ಕಡಿಯನ್ನು ಹದಿನೈದು ದಿನದೊಳಗೆ ಸರಿಪಡಿಸಿ ಮತ್ತೆ ತಂದು ತೋರಿಸಬೇಕು. ಚೀಟಿಗಳ ಕಟ್ಟಿಗೆ ಮೊದಲೇ ಸಹಿ ಹಾಕಿ ಚೀಲದಲ್ಲಿಟ್ಟುಕೊಂಡಿರುವುದು ಅವರ ಪದ್ಧತಿ. ಪೇಟೆಯವರು ಅವರಿಗೆ ಗ್ರಾಂ ಸಾಹೇಬರೆಂದು ಹೆಸರಿಟ್ಟಿದ್ದು ಪ್ರೀತಿಯಿಂದೇನಲ್ಲ.

ಬಾಗಿಲಲ್ಲಿ ಮಗಳು ನಿಂತಿದ್ದಳು. ಒಂದು ಕಾಲಿಗೆ ಕಾಲುಚೀಲ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು.

“ಅಪ್ಪ, ಅದು ‘ಅಂಗಡಿ ಬೀದಿ’ ಅಲ್ವಾ? ಸಾಯಂಕಾಲ ಆರು ಗಂಟೆಗೆ ನಾಲ್ಕು ಜನ ಗೆಳತೀರು ಬರ್ತಾರೆ. ಎಲ್ಲರಿಗೂ ಹೇಳಿಬಿಟ್ಟಿದ್ದೀನಿ.”

“ನಿನ್ನ ವಯಸ್ಸಿಗೆ ಸರಿಯೋ ಇಲ್ವೋ ನೋಡ್ಬೇಕು ಪುಟ್ಟಿ. ಪರೀಕ್ಷೆ ಆಗದೆ ಕೊಡೋಕಾಗಲ್ಲ.”

“ಹೋದ ವರ್ಷದ ಸೈಕಲ್ಲೂ ಪರೀಕ್ಷೇಲೇ ಇದೆ.”

ಮಾತು ನಾಟಿತು. ಆ ಸೈಕಲ್ಲಿನ ಬ್ರೇಕು ಸಾಹೇಬರಿಗೆ ಇನ್ನೂ ಸಮಾಧಾನ ತಂದಿರಲಿಲ್ಲ. ಅಷ್ಟರಲ್ಲಿ ಹುಡುಗಿಯ ಕಾಲು ಸೈಕಲ್ಲಿಗೆ ಮೀರಿ ಉದ್ದವಾಗಿತ್ತು. ಅವರು ಎದೆಯ ಮೇಲೆ ಕೈಯಿಟ್ಟು ಹೇಳಿದರು: “ಆರು ಗಂಟೆಗೆ ಸರಿಯಾಗಿ ನಿನ್ನ ವಯಸ್ಸಿಗೆ ತಕ್ಕ ಆಟ ನಿನ್ನ ಕೈಲಿರುತ್ತೆ. ಇದು ನಿನ್ನಪ್ಪನ ಮಾತು.”

“ಇಲ್ದಿದ್ರೆ?”

“ಇಲ್ದಿದ್ರೆ ನನಗೇ ಕೆಂಪು ಚೀಟಿ ಹಚ್ಚು.”

ಮಗಳು ಈ ಮಾತನ್ನು ಎರಡನೆಯ ಕಾಲುಚೀಲದ ಜೊತೆಗೇ ಎಳೆದುಕೊಂಡು ಶಾಲೆಗೆ ಹೋದಳು.

ಸಾಹೇಬರು ಡಬ್ಬ ಹಿಡಿದು ಮೆಟ್ಟಿಲಿಳಿಯುವಾಗ ಕೆಳಮನೆಯ ಹೆಡ್ ಮಿಸ್ಸು ಅಡ್ಡಗಟ್ಟಿದರು. ನಿವೃತ್ತಿಯಾಗಿ ಆರು ವರ್ಷವಾದರೂ ಅವರ ಪಾಲಿಗೆ ಇಡೀ ಕಟ್ಟಡವೇ ಒಂದು ತರಗತಿ.

“ಏನಪ್ಪಾ ಅದು ಕೈಲಿ? ವಿಡಿಯೋ ಗೇಮಾ? ಹನ್ನೆರಡು ಬೇರೆ! ನೋಡು, ಮಕ್ಕಳಿಗೆ ಯಾವತ್ತೂ ಮೂರು ವರ್ಷದ್ದೇ ತರ್ಬೇಕು. ಮೂರು ವರ್ಷದವರಿಗೆ ಆಗೋದು ಮೂವತ್ತಕ್ಕೂ ಆಗುತ್ತೆ.”

“ಅವಳಿಗೆ ಮೊಲ ಕ್ಯಾರೆಟ್ ಎಣಿಸೋ ಆಟ ಕೊಡ್ಲಾ ಮೇಡಂ?”

“ಕೊಡು. ಎಣಿಸೋದು ಎಷ್ಟು ಸಲ ಕಲಿತ್ರೂ ಸಾಲದು. ಸಾಯಂಕಾಲ ನಾನೇ ಬಂದು ನೋಡ್ತೀನಿ, ಏನು ಕೊಟ್ಟೆ ಅಂತ.”

ಡಬ್ಬವನ್ನು ಕೊಂಡಿದ್ದ ಆಟದ ಅಂಗಡಿ ಆಗತಾನೆ ಬಾಗಿಲು ತೆಗೆದಿತ್ತು. ಕೌಂಟರಿನ ಹುಡುಗಿ ಒಂದು ಕಿವಿಯಲ್ಲಿ ಹಾಡು ಕೇಳುತ್ತ, ಇನ್ನೊಂದು ಕಿವಿಯನ್ನು ಗಿರಾಕಿಗಳಿಗೆಂದು ಬಿಟ್ಟುಕೊಂಡಿದ್ದಳು.

“ಹನ್ನೊಂದು ವರ್ಷದ್ದು ಕೊಡಮ್ಮ” ಎಂದರು ಸಾಹೇಬರು.

“ಹನ್ನೊಂದರದ್ದು ಬರಲ್ಲ ಸಾರ್. ಏಳಿದೆ, ಅದು ಬಿಟ್ರೆ ಹನ್ನೆರಡು.”

“ಏಳರಿಂದ ಹನ್ನೆರಡಕ್ಕೆ ಒಂದೇ ನೆಗೆತವಾ? ನಡುವೆ ಐದು ವರ್ಷ ಮಕ್ಕಳು ಎಲ್ಲಿ ಹೋಗಿ ಕೂರ್ಬೇಕು? ನನ್ನ ಕಚೇರೀಲಿ ಅರ್ಧ ಕಿಲೋ ಬಟ್ಟು ಆದ್ಮೇಲೆ ನೇರ ಐದು ಕಿಲೋ ಬಟ್ಟು ಇಟ್ಕೊಂಡ್ರೆ ಜನ ಸುಮ್ನಿರ್ತಾರಾ? ಯಾರಮ್ಮ ಈ ಅಂಕಿ ಹಾಕಿದ್ದು? ಯಾವ ಅಳತೆಗೋಲು ಇಟ್ಕೊಂಡು ಹಾಕಿದ್ದು?”

“ಡಬ್ಬದ ಹಿಂದೆ ಕಾರಣ ಬರ್ದಿರ್ತಾರೆ ಸಾರ್. ಅನುಮಾನ ಇದ್ರೆ ದೊಡ್ಡವರೇ ಮೊದಲು ಆಡಿ ನೋಡ್ಬೇಕು. ಆದ್ರೆ ಸೀಲು ಒಡೆದ್ರೆ ವಾಪಸ್ ತಗೊಳಲ್ಲ.”

ಆಡಿ ನೋಡಬೇಕು, ಸೀಲು ಒಡೆಯಬಾರದು! ತಕ್ಕಡಿ ಮುಟ್ಟದೆ ತೂಕ ಹೇಳು ಅಂದ ಹಾಗಾಯಿತು. ಸಾಹೇಬರು ಕೆಂಡದಂತಾಗಿ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಕಚೇರಿಗೆ ನಡೆದರು. ಹಿಂಬದಿಯ ಬರಹವಂತೂ ಇರುವೆಗಳಿಗಾಗಿ ಅಚ್ಚು ಹಾಕಿದಂತಿತ್ತು.

ಕಚೇರಿಯ ಬಾಗಿಲಲ್ಲಿ ಸಾರ್ವಜನಿಕರ ದೂರಿನ ಪೆಟ್ಟಿಗೆಯೊಂದು ತೂಗುತ್ತಿತ್ತು. ಅದರ ಬೀಗದ ಕೈ ಕಳೆದು ಯಾವ ಕಾಲವಾಯಿತೋ, ಬಾಯಿಗೆ ಜೇಡ ಬಲೆ ಕಟ್ಟಿತ್ತು. ಸಾಹೇಬರು ಎಂದಿನಂತೆ ಅದರ ಮೇಲೆ ಕೊಡೆ ನೇತುಹಾಕಿ ಒಳಗೆ ಬಂದರು. ಅಲ್ಲಿ ಆಗಲೇ ತಕ್ಕಡಿ ಹಿಡಿದ ವ್ಯಾಪಾರಿಗಳ ಸಾಲು.

“ಮುದ್ರೆಯಣ್ಣ, ಭೂತಗನ್ನಡಿ!”

ಮುದ್ರೆಯಣ್ಣ ಎಂದರೆ ಸೀಸದ ಮುದ್ರೆ ಒತ್ತುವ ಹಿರಿಯ ಸಹಾಯಕ. ಇಬ್ಬರೂ ತಲೆಗೆ ತಲೆ ತಾಗಿಸಿ ಡಬ್ಬದ ಬೆನ್ನನ್ನು ಓದಿದರು. ಮುದ್ರೆಯಣ್ಣ ಅಕ್ಷರ ಕೂಡಿಸಿದ: “ಹನ್ನೆರಡು ಯಾಕೆ ಅಂದ್ರೆ… ಸೌಮ್ಯ… ವಂಚನೆ.”

“ಏನು?”

“ಸೌಮ್ಯ ವಂಚನೆ ಸಾರ್. ಈ ಆಟದಲ್ಲಿ ಸೌಮ್ಯ ವಂಚನೆಯ ಪ್ರಸಂಗಗಳಿವೆ, ಅಂತ.”

“ಸೌಮ್ಯ ವಂಚನೆ ಅಂದ್ರೆ ಏನ್ರೀ ಅದು?” ಸಾಹೇಬರ ಧ್ವನಿಗೆ ಕಿಟಕಿಯ ಗಾಜು ನಡುಗಿತು. “ಐದು ಗ್ರಾಮೋ, ಐವತ್ತು ಗ್ರಾಮೋ? ಹನ್ನೊಂದರವರು ಮಾಡಿದ್ರೆ ತಪ್ಪು, ಹನ್ನೆರಡರವರು ಮಾಡಿದ್ರೆ ಸೌಮ್ಯಾನಾ? ಹಾಕ್ರೀ ಇದನ್ನ ಕಂಪ್ಯೂಟರಿಗೆ. ಇವತ್ತು ಇದರ ಬಣ್ಣ ಬಯಲು ಮಾಡ್ತೀನಿ!”

ಹದಿನೆಂಟು ವರ್ಷ ಮುದ್ರೆ ಹಾಕಿದ ಕೈ ಆ ದಿನ ಮೊದಲ ಸಲ ಒಂದು ಮುದ್ರೆಯನ್ನು ಒಡೆಯಿತು.

ಡಬ್ಬದೊಳಗೊಂದು ಡಿಸ್ಕು, ಒಂದು ಚೀಟಿಯಲ್ಲಿ ಗುಪ್ತಸಂಖ್ಯೆ. ಆ ಸಂಖ್ಯೆ ಒತ್ತಿದರೆ ಆಟಗಾರನಿಗೆ ಒಂದು ಅಂಗಡಿ. ಮುಂದೆ ಯಾವ ಕಂಪ್ಯೂಟರಿನಲ್ಲಿ ಅದೇ ಸಂಖ್ಯೆ ಒತ್ತಿದರೂ ಅದೇ ಅಂಗಡಿ, ಬಿಟ್ಟಲ್ಲಿಂದ ಶುರು. “ಒಳ್ಳೇ ಏರ್ಪಾಡು” ಎಂದ ಮುದ್ರೆಯಣ್ಣ. ಅದು ಎಂಥ ಏರ್ಪಾಡೆಂದು ಆಗ ಇಬ್ಬರಿಗೂ ತಿಳಿದಿರಲಿಲ್ಲ.

ಪರದೆಯ ಮೇಲೆ ಬೀದಿಯೊಂದು ಮೂಡಿತು. ಈಚೆ ಸಾಹೇಬರ ಅಂಗಡಿ, ಎದುರಿಗೆ ಟೋಪಿ ಹಾಕಿದ ನರಿಯ ಅಂಗಡಿ. ಸಾಹೇಬರು ಸೇಬು ತೂಗಿದರು, ಕಿಲೋ ಎಂದರೆ ಕಿಲೋ. ನರಿ ಕಡಿಮೆ ತೂಗಿ, ಅಗ್ಗವಾಗಿ ಮಾರಿತು. ಗಿರಾಕಿಗಳು ಸಾಹೇಬರ ಕಡೆ ಬೆನ್ನು ತಿರುಗಿಸಿ ನರಿಗೆ ಮುಗಿಬಿದ್ದರು. ಸೇಬು ಕೊಳೆಯಿತು. ಬಾಗಿಲು ದಢಾರನೆ ಬಿತ್ತು.

“ಇನ್ನೊಂದು ಸಲ” ಎಂದರು ಸಾಹೇಬರು.

ಮೂರು ಸಲ ಬಾಗಿಲು ಬಿತ್ತು. ಅಷ್ಟರಲ್ಲಿ ಸಾಲು ಮುರಿದು ವ್ಯಾಪಾರಿಗಳೆಲ್ಲ ಅವರ ಕುರ್ಚಿಯ ಹಿಂದೆ ಜಮಾಯಿಸಿದ್ದರು. ಒಬ್ಬೊಬ್ಬರೂ ಒಂದಲ್ಲ ಒಂದು ದಿನ ಕೆಂಪು ಚೀಟಿ ಕಂಡವರು.

“ಹಾಗೆ ಅಂಗಡಿ ನಡೆಯಲ್ಲ ಸಾಹೇಬ್ರೇ” ಎಂದಳು ಮೀನಿನಕ್ಕ. “ತೂಗುವಾಗ ಮೀನಿಗೆ ಸ್ವಲ್ಪ ನೀರು ಕುಡಿಸ್ಬೇಕು. ನಾನು ಮಾಡಲ್ಲ ಮತ್ತೆ! ಮಾಡೋರನ್ನ ನೋಡಿದ್ದೀನಿ.”

“ತಟ್ಟೆ ಅಡಿಗೆ ಒಂದು ಆಯಸ್ಕಾಂತ ಸಾಕು” ಎಂದ ಮೊಳೆ ಅಂಗಡಿಯವನು. “ಕೇಳಿದ ಮಾತು, ಅಷ್ಟೇ.”

ಬೇರೆ ದಿನವಾಗಿದ್ದರೆ ಸಾಹೇಬರು ಇಬ್ಬರಿಗೂ ಅಲ್ಲೇ ಚೀಟಿ ಹರಿದು ಕೊಡುತ್ತಿದ್ದರು. ಈಗ ಅವರ ಕಣ್ಣು ನರಿಯ ಟೋಪಿಯಿಂದ ಆಚೀಚೆ ಹೋಗಲಿಲ್ಲ. ಆ ನರಿ ಪ್ರತಿ ಗಿರಾಕಿಗೂ ಟೋಪಿ ಎತ್ತುತ್ತಿತ್ತು, ಇವರ ಕಡೆ ನೋಡಿ ಹಲ್ಲು ಕಿರಿಯುತ್ತಿತ್ತು.

“ಮೇಲ್ಗಡೆ ಮೂಲೇಲಿ ಒಂದು ಗಂಟೆ ಇದೆಯಲ್ಲ, ಅದೇನು?” ಎಂದು ಮೀನಿನಕ್ಕ ಬೆರಳು ಚಾಚಿದಳು.

ಮುದ್ರೆಯಣ್ಣ ಭೂತಗನ್ನಡಿ ಹಿಡಿದ. “ಅಳತೆ ಇಲಾಖೆಗೆ ದೂರು ಕೊಡೋ ಗಂಟೆ.”

ಕುರ್ಚಿಯ ಹಿಂದೆ ನಗೆಯ ಅಲೆಯೆದ್ದಿತು. ಸಾಹೇಬರೂ ತಲೆಯೆತ್ತದೆ ಅಂದರು: “ಅದನ್ನ ನಂಬ್ಕೊಂಡು ಕೂತ್ರೆ ಅಂಗಡಿ ಮುಳುಗುತ್ತೆ. ಬಿಡ್ರೀ.”

ಪರದೆಯ ಮೇಲಿನ ತಕ್ಕಡಿಯ ಪಕ್ಕದಲ್ಲಿ ಒಂದು ಸಣ್ಣ ಹಿಡಿಕೆಯಿತ್ತು. ಸಾಹೇಬರು ಅದನ್ನು ಒಂದು ಕೂದಲೆಳೆಯಷ್ಟು ಎಳೆದರು.

“ಪರೀಕ್ಷೆಗೋಸ್ಕರ” ಎಂದರು, ಯಾರೂ ಕೇಳದಿದ್ದರೂ.

ತೂಕ ಐದು ಗ್ರಾಂ ಇಳಿಯಿತು, ಬೆಲೆಯೂ ಸ್ವಲ್ಪ ಇಳಿಯಿತು. ಯಾರಿಗೂ ಗೊತ್ತಾಗಲಿಲ್ಲ. ಹತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಇಪ್ಪತ್ತು. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಅಂಗಡಿಯ ಮುಂದೆ ಜನ. ಊಟದ ಡಬ್ಬಿ ತೆರೆಯದೆ ಉಳಿಯಿತು, ತಕ್ಕಡಿಗಳು ಮುದ್ರೆ ಕಾಣದೆ ಉಳಿದವು. ನಾಲ್ಕೂವರೆಗೆ ನರಿ ಟೋಪಿ ತೆಗೆದು, ಅಂಗಡಿಗೆ ಬಾಗಿಲು ಹಾಕಿ, ಬೀದಿ ಬಿಟ್ಟು ಹೋಯಿತು.

“ಹೋಯ್ತು ಕಳ್ಳ!” ಎಂದು ಸಾಹೇಬರು ಕುರ್ಚಿಯಿಂದ ಹಾರಿ, ಮೀನಿನಕ್ಕನ ಕೈ ಕುಲುಕಿದರು. ಆ ಕೈಯ ವಾಸನೆಯಿಂದಲೇ ಅವರಿಗೆ ಎಚ್ಚರವಾದದ್ದು.

ಸುತ್ತ ನೋಡಿದರು. ಪೇಟೆಗೆ ಪೇಟೆಯೇ ಅವರನ್ನು ಬಂಧುವಿನಂತೆ ನೋಡುತ್ತಿತ್ತು.

ಅವರಿಗೆ ಮೈಯೆಲ್ಲ ಉರಿದುಹೋಯಿತು. “ನೋಡಿದ್ರಾ! ಹದಿನೆಂಟು ವರ್ಷ ನೇರ ದಾರೀಲಿ ನಡೆದುಬಂದ ಮನುಷ್ಯನನ್ನ ಆರು ಗಂಟೇಲಿ ಏನು ಮಾಡಿಬಿಡ್ತು ಅಂತ! ಇದು ಹನ್ನೊಂದಕ್ಕಲ್ಲ, ಹನ್ನೆರಡಕ್ಕಲ್ಲ, ನೂರಾ ಹನ್ನೆರಡಕ್ಕೂ ಆಗದ ಆಟ!” ಎಂದು ಗುಡುಗಿ, ಡಿಸ್ಕನ್ನೂ ಸಂಖ್ಯೆಯ ಚೀಟಿಯನ್ನೂ ಡಬ್ಬಕ್ಕೆ ತುರುಕಿ ಹೊರಬಿದ್ದರು. ಸೀಲು ಒಡೆದದ್ದನ್ನು ಅಂಗಡಿಯವಳು ಮುಟ್ಟಿಯೂ ನೋಡಲಿಲ್ಲ. ಅಲ್ಲಿ ನಂಬಬಹುದು ಎಂದು ಅವರಿಗೆ ಕಂಡದ್ದು ಮೊಲ ಕ್ಯಾರೆಟ್ ಎಣಿಸುವ ಆಟವೊಂದೇ. ಅದನ್ನೇ ಕೊಂಡರು. ಕ್ಯಾರೆಟ್ಟಿನಲ್ಲಿ ಮೋಸವಿಲ್ಲ ಎಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು.

ಮನೆಯಲ್ಲಿ ನಾಲ್ವರು ಗೆಳತಿಯರು ಕಂಪ್ಯೂಟರಿನ ಮುಂದೆ ಮಂಡಿಗೆ ಮಂಡಿ ತಾಗಿಸಿ ಕೂತಿದ್ದರು. ಹೆಡ್ ಮಿಸ್ಸು ಒಳ್ಳೆಯ ಕುರ್ಚಿ ಹಿಡಿದಿದ್ದರು. ಗಡಿಯಾರ ಆರು ಹೊಡೆಯಿತು. ಸಾಹೇಬರು ಮೊಲದ ಡಬ್ಬವನ್ನು ಮುಂದೆ ಹಿಡಿದರು.

ಮಗಳು ಮೊಲವನ್ನು ನೋಡಿದಳು, ಆಮೇಲೆ ಗೆಳತಿಯರನ್ನು ನೋಡಿದಳು. ಒಬ್ಬಳು ತುಟಿ ಕಚ್ಚಿ ನಗು ತಡೆದುಕೊಂಡಳು. ಮಗಳ ಕಿವಿ ಕೆಂಪಾಯಿತು. ಅವಳು ಅಪ್ಪನ ಚೀಲಕ್ಕೆ ಕೈಹಾಕಿ ಇನ್ನೊಂದು ಡಬ್ಬವನ್ನು ಹೊರಗೆಳೆದಳು.

“ಪುಟ್ಟಿ, ಅದು ಬೇಡ. ಅದರಲ್ಲಿ ವಂಚನೆ ಇದೆ!”

“ನೋಡೋಣ ಎಲ್ಲಿದೆ ಅಂತ” ಎಂದು ಅವಳು ಡಿಸ್ಕು ಹಾಕಿ ಸಂಖ್ಯೆ ಒತ್ತಿದಳು. ಸಾಹೇಬರಿಗೆ ಮುದ್ರೆಯಣ್ಣ ಮೆಚ್ಚಿದ ಏರ್ಪಾಡು ನೆನಪಾಯಿತು. ಆಗಲೇ ತಡವಾಗಿತ್ತು.

ತುತ್ತೂರಿ ಮೊಳಗಿತು. ಪರದೆಯ ತುಂಬ ಅಕ್ಷರ. ಹೆಡ್ ಮಿಸ್ಸು ತರಗತಿಗೆ ಓದುವ ಧ್ವನಿಯಲ್ಲಿ ಓದಿದರು: “ಮರಳಿ ಸ್ವಾಗತ! ಬಂದ ಗಿರಾಕಿಗಳು ಇನ್ನೂರ ಹನ್ನೆರಡು. ಮೋಸಹೋದವರು ನೂರ ತೊಂಬತ್ತೆಂಟು. ನಿಮ್ಮ ಬಿರುದು: ಬೀದಿಯ ಮಹಾವಂಚಕ.”

ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

“ಇದು ಯಾರು ಆಡಿದ್ದು ಅಪ್ಪ?”

“ಪರೀಕ್ಷೆ ಮಾಡಿದ್ದು ಕಣಮ್ಮ.”

“ನೂರ ತೊಂಬತ್ತೆಂಟು ಸಲ?”

ಉತ್ತರಕ್ಕೆ ಮೊದಲೇ ಪರದೆಯಲ್ಲಿ ಬಾಗಿಲು ಬಡಿದ ಸದ್ದಾಯಿತು. ಕಪ್ಪು ಕೋಟಿನ ಆನೆಯೊಂದು, ಕಂಕುಳಲ್ಲಿ ತೂಕದ ಪೆಟ್ಟಿಗೆ ಇಟ್ಟುಕೊಂಡು ಅಂಗಡಿಯ ಮುಂದೆ ನಿಂತಿತ್ತು. ಎದೆಯ ಮೇಲೆ ಹೆಸರು: ಅಳತೆ ಪರೀಕ್ಷಕ.

“ಬಾಗಿಲು ತೆಗೀಬೇಡ!” ಎಂದು ಗ್ರಾಂ ಸಾಹೇಬರು ಕಿರುಚಿದರು. “ಹಿಂಬಾಗಿಲಿಂದ ತಕ್ಕಡಿ ಎತ್ತಿಡು ಮೊದಲು!”

ತಾವು ಏನು ಹೇಳಿದೆವೆಂದು ಅವರಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಉಳಿದವರಿಗೆ ಅಷ್ಟೂ ಬೇಕಾಗಲಿಲ್ಲ. ಮಗಳು ಬಾಗಿಲು ತೆರೆದಳು. ಆನೆ ತೂಗಿ ನೋಡಿ, ಸೊಂಡಿಲಲ್ಲಿ ಬೀಗ ಜಡಿದು ಹೋಯಿತು.

ಅವಳು ಹೊಸ ಅಂಗಡಿ ತೆರೆದಳು. ನರಿ ಮತ್ತೆ ಟೋಪಿ ಹಾಕಿಕೊಂಡು ಎದುರಿಗೆ ಬಂದು ಕೂತಿತು. “ಈಗ ನೋಡು” ಎಂದರು ಸಾಹೇಬರು, ಇನ್ನೂ ಬಿಸಿಯಾಗಿಯೇ. “ಸರಿಯಾಗಿ ತೂಗಿದ್ರೆ ಮೂರೇ ನಿಮಿಷದಲ್ಲಿ ಮುಳುಗ್ತೀಯ. ಬೇರೆ ದಾರೀನೇ ಇಟ್ಟಿಲ್ಲ ಆ ಕಳ್ಳರು!”

ಮಗಳು ಮೊದಲ ಗಿರಾಕಿ ಬರುವ ಮುಂಚೆಯೇ ಮೂಲೆಯ ಗಂಟೆಯನ್ನು ಒತ್ತಿದಳು. ಆನೆ ಬಂತು. ನರಿಯ ತಕ್ಕಡಿ ತೂಗಿತು. ನರಿಯನ್ನು ಟೋಪಿ ಸಮೇತ ಎತ್ತಿಕೊಂಡು ಹೋಯಿತು. ಗೆಳತಿಯರು ಚಪ್ಪಾಳೆ ತಟ್ಟಿದರು.

“ಅಷ್ಟು ದೊಡ್ಡ ಗಂಟೆ ಕಾಣ್ಲಿಲ್ವಾ ಅಪ್ಪ?”

“ಕಾಣ್ತು” ಎಂದರು ಸಾಹೇಬರು ಮೆಲ್ಲಗೆ. “ಒತ್ತಿದ್ರೆ ಯಾರಾದ್ರೂ ಬರ್ತಾರೆ ಅಂತ ಹೊಳೀಲಿಲ್ಲ.”

ಹೆಡ್ ಮಿಸ್ಸು ಕೆಮ್ಮಿದರು. ಮಗಳು ಎದ್ದು ಅಪ್ಪನ ಚೀಲದಿಂದ ಕೆಂಪು ಚೀಟಿಯೊಂದನ್ನು ತೆಗೆದು, ಮೇಜಿನ ಮೇಲೆ ಬಗ್ಗಿ, ನಾಲಗೆ ಹೊರಚಾಚಿ ನೀಟಾಗಿ ಬರೆದಳು. ಆಮೇಲೆ ಅದನ್ನು ಅಪ್ಪನ ಅಂಗಿಯ ಎರಡನೆಯ ಗುಂಡಿಗೆ ಕಟ್ಟಿ, ಮತ್ತೆ ಗೆಳತಿಯರ ನಡುವೆ ಹೋಗಿ ಕೂತಳು.

ಸಾಹೇಬರು ಗದ್ದ ಬಗ್ಗಿಸಿ ಓದಿಕೊಂಡರು. ವಸ್ತು: ಅಪ್ಪ. ಕೊರತೆ: ಇಪ್ಪತ್ತು ಗ್ರಾಂ. ಹದಿನೈದು ದಿನದೊಳಗೆ ಸರಿಪಡಿಸಿ ತಂದು ತೋರಿಸತಕ್ಕದ್ದು. ವಾದಿಸಲು ಬಾಯಿ ತೆರೆದರು. ಕೆಳಗಿದ್ದ ಸಹಿ ಅವರದೇ.